ಲಿಂಡಾಳ ಗೇಟು, ನಮ್ಮತ್ತೆಯ ಉಡಿ

ಬೇಲಿಯಾಚೆಯಿಂದ ಹೊಗೆ ನುಗ್ಗಿ ನಮ್ಮ ಅಡುಗೆಮನೆಯ ಸ್ಮೋಕ್ ಅಲಾರಂ ಈಗಷ್ಟೇ ಬೊಬ್ಬೆ ಹೊಡೆಯಿತು. ಗಾಬರಿಯಾಗಬೇಡಿ, ಇವತ್ತು ಹುಣ್ಣಿಮೆ. ಪಕ್ಕದ ಮನೆಯ ಲಿಂಡಾ ಒಣಗಿದ ಸೇಜ್ ಸೊಪ್ಪಿಗೆ ಬೆಂಕಿ ತಾಗಿಸಿ ಹಿತ್ತಿಲನ್ನು ಶುದ್ಧಿ ಮಾಡುತ್ತಿದ್ದಾಳೆ. ಹಸಿ ಸೌದೆಯಲ್ಲಿ ಹಂಡೆ ಕಾಯಿಸಿದಂಥ ಆ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಯಾವ ದೇವಿಯೂ ಅಲ್ಲ, ನಮ್ಮತ್ತೆ.

ವೆಸ್ಟ್ ವಿಂಡ್ಸರ್‌ನ ನಮ್ಮ ಬೀದಿಗೆ ಲಿಂಡಾ ಒಬ್ಬಳೇ ಪೇಗನ್. ಅಂದರೆ, ಏಸುವಿಗೂ ಹಿಂದಿನ ದೇವತೆಗಳನ್ನು ಹುಡುಕಿ ತಂದು ಹೊಸದಾಗಿ ಪೂಜಿಸುವವಳು. ನಿವೃತ್ತ ಟೀಚರ್, ಹಳೇ ಕಾಲದ ಸ್ತ್ರೀವಾದಿ. ಹುಣ್ಣಿಮೆಗೊಮ್ಮೆ ಏಳೆಂಟು ಹೆಂಗಸರನ್ನು ಸುತ್ತ ನಿಲ್ಲಿಸಿ, ಫೋನಿನಲ್ಲಿ ದಿಕ್ಕು ನೋಡಿ, ಪೂರ್ವದಿಂದ ಶುರುಮಾಡಿ ನಾಲ್ಕೂ ದಿಕ್ಕನ್ನು ಪೂಜೆಗೆ ಕರೆಯುತ್ತಾಳೆ. "ನಿಮ್ಮಲ್ಲಂತೂ ದೇವಿಯರು ಬೇಕಾದಷ್ಟಿದ್ದಾರೆ, ನೀನು ಬರಲೇಬೇಕು" ಎಂದು ನನ್ನನ್ನೂ ಸೇರಿಸಿಕೊಂಡಳು. ನಾನು ಹೋಗುತ್ತಿದ್ದದ್ದು ಭಕ್ತಿಗಲ್ಲ, ಆಮೇಲಿನ ಊಟಕ್ಕೆ, ಹರಟೆಗೆ. ನನ್ನ ಚಿತ್ರಾನ್ನಕ್ಕೆ ಅಲ್ಲಿ ಸೂರ್ಯನ ಅನ್ನ ಎಂದು ಹೆಸರಿಟ್ಟಿದ್ದರು. ತಿದ್ದುವ ಉಸಾಬರಿ ನನಗೇಕೆ?

ಹೀಗೇ ಒಂದು ವರ್ಷ ಹುಬ್ಬಳ್ಳಿಯಿಂದ ಅತ್ತೆ ಬಂದಿದ್ದರು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. "ಹೆಂಗಸರ ಪೂಜಿ ಅಂತೀ, ನಡಿ, ನಾನೂ ನೋಡೂಣು" ಎಂದು ಸೀರೆಯ ಮೇಲೆ ಮಗನ ಜಾಕೆಟ್ ಏರಿಸಿ ಹೊರಟೇಬಿಟ್ಟರು.

ಅವತ್ತು ಸಂಜೆ ಲಿಂಡಾಳ ಗೇಟಿನ ಬಳಿ ರೂತ್ ಬಂದು ನಿಂತಳು, ಕೈಯಲ್ಲಿ ತಾನೇ ಬೇಯಿಸಿದ ಕುಂಬಳಕಾಯಿ ಪೈ. ಹಲ್ಲಿನ ಡಾಕ್ಟರ ಆಫೀಸಿನಲ್ಲಿ ರಿಸೆಪ್ಷನಿಸ್ಟ್. ನಮಗೆಲ್ಲ ಮುಖಪರಿಚಯವಿತ್ತು. ಹುಟ್ಟಿದಾಗ ಮನೆಯವರು ಗಂಡೆಂದುಕೊಂಡಿದ್ದರು. ಈಗ ತನ್ನ ಮನಸ್ಸು ಹೇಳಿದಂತೆ ಹೆಣ್ಣಾಗಿ ಬದುಕುತ್ತಿದ್ದಾಳೆ. ನಮ್ಮ ಜೊತೆ ಪೂಜೆಗೆ ನಿಲ್ಲಬೇಕೆಂಬುದು ಅವಳ ಆಸೆ.

ಲಿಂಡಾ ಗೇಟಿನ ಚಿಲಕ ಹಿಡಿದು ಅಡ್ಡ ನಿಂತಳು. "ಬೇಜಾರು ಮಾಡ್ಕೋಬೇಡ. ಇದು ಹೆಣ್ಣಾಗಿ ಹುಟ್ಟಿದವರ ಜಾಗ. ಗಂಡಸರ ಕಾಟದಿಂದ ತಪ್ಪಿಸಿಕೊಂಡು, ಜೀವಮಾನವಿಡೀ ಒದ್ದಾಡಿ ಕಟ್ಟಿಕೊಂಡದ್ದು" ಎಂದಳು. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

"ಅವರ ಕಾಟ ನನಗೂ ತಪ್ಪಿಲ್ಲ ಲಿಂಡಾ" ಎಂದಳು ರೂತ್. ಉಳಿದವರೆಲ್ಲ ಇದ್ದಕ್ಕಿದ್ದಂತೆ ಹುಲ್ಲನ್ನು ಗಮನವಿಟ್ಟು ನೋಡತೊಡಗಿದರು. ನಾನೂ ನೋಡಿದೆ.

"ಯಾಕವಾ, ಆಕಿನ್ನ ಬಾಗಲದಾಗ ನಿಲ್ಲಿಸ್ಯಾರ?" ಅತ್ತೆ ಕೇಳಿದರು. ಪಿಸುದನಿಯಲ್ಲಿ ವಿವರಿಸಿದೆ.

"ಇಷ್ಟ ಹೌದಿಲ್ಲೋ? ನಮ್ಮ ಕಡೆ ಎಲ್ಲಮ್ಮನ ಜೋಗಪ್ಪಗೋಳು ಗಂಡಾಗಿ ಹುಟ್ಟಿ ಸೀರಿ ಉಡತಾರ, ದೇವಿನ್ನ ತಲಿ ಮ್ಯಾಲೆ ಹೊತಗೊಂಡು ಬರ್ತಾರ. ದೇವಿಗೇ ಇಲ್ಲದ ತಕರಾರು ಈಕಿಗ್ಯಾಕ? ಹೆಣ್ಣಮಗಳು ಬಾಗಲಕ್ಕ ಬಂದಾಳ. ಓಡು, ಉಡಿ ತುಂಬು!"

ಅನುವಾದಿಸಿದೆ. ರೂತ್ ಕಂಗಾಲಾದಳು. "ದೇವರನ್ನು ಹೊರುವಷ್ಟು ದೊಡ್ಡವಳಲ್ಲ ನಾನು, ಫೋನ್ ಎತ್ತುವವಳು ಅಷ್ಟೇ."

ಮನೆಗೆ ಓಡಿ ಅಕ್ಕಿ, ತೆಂಗಿನಕಾಯಿ, ಒಂದು ಗಿಳಿಹಸಿರು ಬ್ಲೌಸ್ ಪೀಸ್ ತಂದೆ. ಇಲ್ಲಿನ ಕನ್ನಡದವರ ಮನೆಗಳಲ್ಲಿ ಅರಿಶಿನ ಕುಂಕುಮದ ಬ್ಲೌಸ್ ಪೀಸುಗಳು ಹೇಗೆಂದು ನಿಮಗೆ ಗೊತ್ತಲ್ಲ, ಯಾರೂ ಹೊಲಿಸುವುದಿಲ್ಲ, ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ಇದಂತೂ ಎಡಿಸನ್ ಊರು ನೋಡಿಬಂದದ್ದು, ಜೆರಿಕೋ ಊರೂ ನೋಡಿಬಂದದ್ದು.

"ನೀವೇ ತುಂಬಿ ಅತ್ತೆ" ಎಂದೆ.

ಅವರು ಕೈಗಳನ್ನು ಜಾಕೆಟ್ಟಿನೊಳಗೆ ಎಳೆದುಕೊಂಡರು. "ನಾ ಹೆಂಗ ತುಂಬಲಿ? ಗಂಡನ್ನ ಕಳಕೊಂಡಾಕಿ. ನೀ ತುಂಬು, ನಾ ದೂರ ಕೂಡ್ತೀನಿ."

"ಅವರ್ಯಾಕೆ ಹಿಂದೆ ಸರಿದರು?" ಎಂದಳು ಲಿಂಡಾ. ವಿಧವೆಯರು ಇದನ್ನು ಮಾಡುವಂತಿಲ್ಲ ಎಂದು ಹೇಳಿದೆ. ಅವಳ ಮುಖ ಕೆಂಪೇರಿತು.

"ಏನು! ಅವರೇನು ಹೆಂಗಸಲ್ಲವೇ? ಯಾರು ಮಾಡಿದ ನಿಯಮ ಇದು? ಒಬ್ಬ ಹೆಂಗಸನ್ನು ಹೆಂಗಸರ ನಡುವಿನಿಂದ ಹೊರಗಿಡಲು ಯಾರಿಗೆ ಅಧಿಕಾರ..."

ಮಾತು ಅಲ್ಲಿಗೇ ನಿಂತಿತು. ಅವಳ ಕೈ ಇನ್ನೂ ಚಿಲಕದ ಮೇಲಿತ್ತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು.

"ಏನಂತಾಳ?" ಎಂದರು ಅತ್ತೆ.

"ನಿಮ್ಮನ್ನು ದೂರ ಇಡೋದು ತಪ್ಪು ಅಂತಾಳೆ."

"ಹೌದೇನು? ಹಂಗಾರ ಮೊದಲ ಗೇಟ್ ತಗಿ ಅನ್ನು."

"ನನ್ನ ಪ್ರಶ್ನೆಗಳೇನೂ ಮುಗಿದಿಲ್ಲ" ಎಂದು ಗೊಣಗುತ್ತಲೇ ಲಿಂಡಾ ಚಿಲಕ ಸರಿಸಿದಳು.

ರೂತ್‌ಗೆ ಸೆರಗೆಲ್ಲಿಂದ ಬರಬೇಕು? ಕೋಟಿನ ಅಂಚನ್ನೇ ಒಡ್ಡಿದಳು. ಅತ್ತೆ ಒಂದು ಗಳಿಗೆ ತಡೆದು, ಕೈ ಹೊರಗೆ ತೆಗೆದು, ಕಾಯಿ, ಬ್ಲೌಸ್ ಪೀಸ್ ಇಟ್ಟು, ತಾವೇ ಅಕ್ಕಿ ಸುರಿದರು. ಅರ್ಧ ಹುಲ್ಲಿನ ಪಾಲಾಯಿತು. "ಈಗ ನಾನು ಇವರಿಗೆ ವಾಪಸ್ ಕೊಡಬೇಕಲ್ಲವೇ?" ಎಂದಳು ರೂತ್. ನಾನು ಬಾಯಿ ತೆರೆಯುವಷ್ಟರಲ್ಲಿ ಬೊಗಸೆ ತುಂಬ ಅಕ್ಕಿ, ಅದರ ಮೇಲೆ ಅದೇ ಬ್ಲೌಸ್ ಪೀಸ್ ಹಿಡಿದು ನಿಂತಿದ್ದಳು. ಇಷ್ಟು ಬೇಗ ಅದು ಹಿಂದಿರುಗಿದ್ದು ಅದೇ ಮೊದಲು.

"ನನಗ್ಯಾಕವಾ ಇದೆಲ್ಲಾ..." ಎನ್ನುತ್ತಲೇ ಅತ್ತೆ ಸೆರಗು ಒಡ್ಡಿದರು. ಮಾವ ಹೋದ ಮೇಲೆ ಅವರ ಉಡಿ ಯಾರೂ ತುಂಬಿರಲಿಲ್ಲ. ಕಣ್ಣೊರೆಸಿಕೊಂಡು, "ಏನು ಹೊಗಿನೋ ಏನೋ" ಎಂದರು.

ಅಲಾರಂ ಈಗ ಬಾಯಿ ಮುಚ್ಚಿದೆ. ಬೇಲಿಯಾಚೆ ಲಿಂಡಾ, ರೂತ್ ಜಗಳ ಕೇಳಿಸುತ್ತಿದೆ, ಇವತ್ತು ಪೂರ್ವವನ್ನು ಯಾರು ಕರೆಯಬೇಕು ಎಂದು. ಈ ವರ್ಷ ಮತ್ತೆ ಬಂದಿರುವ ಅತ್ತೆ ಬಾಗಿಲಲ್ಲಿ ನಿಂತು, "ಲಗೂ ನಡಿ, ರೂತ್ ಕಾಯ್ತಿರ್ತಾಳ" ಎಂದು ಅವಸರಿಸುತ್ತಿದ್ದಾರೆ. ಗಿಳಿಹಸಿರು ಬ್ಲೌಸು ಯಾವ ಸೀರೆಗೂ ಹೊಂದುವುದಿಲ್ಲ. ಹುಬ್ಬಳ್ಳಿಯಲ್ಲಿ ಹೊಲಿಸಿಕೊಂಡು, ಅದನ್ನೇ ಹಾಕಿಕೊಂಡು ಬಂದಿದ್ದಾರೆ.