ಭಟ್ಟಿಯ ಮುಂದೆ ನಿಂತವರು

ಗುಬ್ಬಿಯಲ್ಲಿ ಮನೆಗೆ ಅಂಟಿಕೊಂಡೇ ಇದ್ದ ಬೇಕರಿಯ ಸೌದೆ ಭಟ್ಟಿ ಮುಂದೆ ಶಾಬಾಜ್ ನಿಂತದ್ದು ಮೀಸೆ ಮೂಡುವ ಮೊದಲೇ. ಭಟ್ಟಿ ಅವನ ತಾತ ಕಟ್ಟಿಸಿದ್ದು. ರಂಜಾನ್ ಹಬ್ಬದ ದಿನವೂ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರೇ ಹೊರತು ಆರಲು ಬಿಟ್ಟವರಲ್ಲ. ಆರಿದರೆ ಮನೆಯ ಬರಕತ್ತು ಹೋಯಿತು ಅನ್ನೋ ನಂಬಿಕೆ. ಅಪ್ಪ ನಜೀರ್ ಅಹಮದ್ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡ ಮೇಲೆ ಗಲ್ಲಾಪೆಟ್ಟಿಗೆಗೆ ಸರಿದರು. ಭಟ್ಟಿ ಪೂರ್ತಿ ಮಗನ ಪಾಲಿಗೆ ಬಂತು.

ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಊರಿನ ಬಾಯಿಗೆ ಬೀಗ ಹಾಕೋರು ಯಾರು? ಎಲ್ಲರ ಕಣ್ಣೂ ಹೆಂಡತಿ ಅಂಬ್ರೀನ್ ಮೇಲೆ. ಪಾಪ, ಆ ಹೆಣ್ಣು ನುಂಗದ ಮಾತ್ರೆಯಿಲ್ಲ, ಕಟ್ಟದ ತಾಯತವಿಲ್ಲ. ಕೊನೆಗೆ ತುಮಕೂರಿನ ಡಾಕ್ಟರಮ್ಮ ಗಂಡನನ್ನೂ ಕರೆಸಿ ಟೆಸ್ಟ್ ಮಾಡಿಸಿದರು. ತೊಂದರೆ ಇದ್ದದ್ದು ಅವನಲ್ಲಿ.

ಗಂಡಿನ ಬೀಜ ಹೊಟ್ಟೆಯೊಳಗಿರದೆ ಹೊರಗೆ ಇಳಿಬಿದ್ದಿರೋದೇ ತಂಪಿಗೋಸ್ಕರ ಅಂತ ಡಾಕ್ಟರಮ್ಮ ವಿವರಿಸಿದರು. ಒಂದು ವೀರ್ಯಾಣು ಹುಟ್ಟಿ, ಬಾಲ ಮೂಡಿ, ಈಜಲು ಕಲಿಯೋಕೆ ಎರಡೂವರೆ ಮೂರು ತಿಂಗಳು ಬೇಕು. ಕೋಟಿಗಟ್ಟಲೆ ಹೊರಟರೂ ದಾರಿಯಲ್ಲೇ ಸಾಯೋವು ಹೆಚ್ಚು. ಗರ್ಭಕೋಶ ದಾಟಿ, ಅಂಡ ಇರೋ ನಳಿಕೆ ಮುಟ್ಟೋದು ಕೆಲವು ನೂರು, ಅಂಡದೊಳಗೆ ಹೋಗೋದು ಒಂದೇ ಒಂದು. ಶಾಬಾಜನವು ಹೊರಡುವಾಗಲೇ ಕಡಿಮೆ, ಇದ್ದವೂ ಸರಿಯಾಗಿ ಮಿಸುಕುತ್ತಿರಲಿಲ್ಲ. ಭಟ್ಟಿಯ ಕಾವೇ ಕಾರಣವಿರಬಹುದು, ಮೂರು ತಿಂಗಳು ದೂರ ಇದ್ದು ಬನ್ನಿ ಅಂದರು. ಸುಡುನೀರಿಗೆ ಬಿದ್ದ ಈಸ್ಟ್ ಸಾಯೋದನ್ನು ಕಂಡವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆದರೆ ಅಪ್ಪನ ಮುಂದೆ ಇಂಥದ್ದನ್ನೆಲ್ಲ ಹೇಳೋದುಂಟೇ? ಸೊಂಟನೋವು ಅಂದ. ಕುಣಿಗಲ್ ಕಡೆ ಅಂಗಡಿಗಳಿಗೆ ವ್ಯಾನಿನಲ್ಲಿ ಬನ್ನು ಬ್ರೆಡ್ಡು ಹಾಕೋ ಕೆಲಸ ಹಿಡಿದ. ಭಟ್ಟಿಗೆ ಸಿಕ್ಕ ಆಳು ಎರಡೇ ದಿನಕ್ಕೆ ಓಡಿಹೋದ. ನಜೀರ್ ಅಹಮದ್ ಅಂಗಿ ಕಳಚಿ ತಾವೇ ನಿಂತರು. ಬೇಡ ಅಬ್ಬಾ ಅಂದರೆ, ಮೊದಲು ನಿನ್ನ ಸೊಂಟ ನೆಟ್ಟಗಾಗಲಿ ಅಂತ ಗದರಿದರು. ಮುದುಕರ ಬೆವರನ್ನು ಶಾಬಾಜ್ ದಿನಾ ನೋಡುತ್ತಿದ್ದ. ನಿಜ ಎಷ್ಟೋ ಸಲ ನಾಲಿಗೆ ತುದಿಗೆ ಬಂತು, ಅಷ್ಟೇ ಸಲ ನುಂಗಿದ. ಹಾಳು ನಾಚಿಕೆ!

ಮೂರನೇ ತಿಂಗಳು ಮುಗಿಯುತ್ತಾ ಬಂದಿತ್ತು. ಕೊತ್ತಗೆರೆಯ ಅಂಗಡಿಯೊಂದರಲ್ಲಿ ಬನ್ನು ಇಳಿಸುತ್ತಿದ್ದಾಗ ಫೋನ್ ಬಂತು. ಅಪ್ಪ ಭಟ್ಟಿ ಮುಂದೆಯೇ ಕುಸಿದಿದ್ದರು. ಅವನು ಗುಬ್ಬಿ ತಲುಪೋ ಹೊತ್ತಿಗೆ ಎಲ್ಲ ಮುಗಿದಿತ್ತು.

ಸಾವಿನ ಮೂರನೇ ದಿನದ ಜಿಯಾರತ್ ಪ್ರಾರ್ಥನೆ ಮುಗಿದ ಮಾರನೇ ದಿನ ಶಾಬಾಜ್ ಸೌದೆ ಎತ್ತಿಕೊಂಡು ಭಟ್ಟಿಗೆ ಹೋದ. ಯಾವ ಮುಖ ಇಟ್ಟುಕೊಂಡು ಇನ್ನೂ ಸೊಂಟನೋವು ಅನ್ನೋದು? ಬೂದಿ ಕೆದಕಿದರೆ ಅಡಿಯಲ್ಲಿ ಕೆಂಡ ಇನ್ನೂ ಇತ್ತು, ಅಪ್ಪ ಹಾಕಿದ್ದ ಬೆಂಕಿಯದೇ. ಒಳಗಿಂದ ಬಂದ ತಾಯಿ ಅಖ್ತರ್ ಬಾನು ಸೌದೆ ಕಿತ್ತುಕೊಂಡರು.

"ಇಡು ಕೆಳಗೆ. ಸೊಂಟನೋವಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು ಕಣೋ. ಅಂಬ್ರೀನ್ ನನಗೆ ಹೇಳಿದ್ಲು, ನಾನು ಅವರಿಗೆ ಹೇಳ್ದೆ. ನಮಗೆ ಗೊತ್ತು ಅಂತ ತಿಳಿದ್ರೆ ಹುಡುಗ ನಾಚಿಕೊಂಡು ವಾಪಸ್ ಭಟ್ಟಿಗೆ ಬಂದ್ಬಿಡ್ತಾನೆ, ಬಾಯಿ ಬಿಡ್ಬೇಡ ಅಂದಿದ್ರು."

ಶಾಬಾಜ್ ಅಲ್ಲೇ ಕುಕ್ಕರಿಸಿ, ಮುಖ ಮುಚ್ಚಿಕೊಂಡು ಅತ್ತ. ತಾಯಿ ಅವನನ್ನು ಸಮಾಧಾನ ಮಾಡಲಿಲ್ಲ. ಹಿಟ್ಟು ಕಲಸೋಕೆ ಅಂತ ತುಂಬಿಟ್ಟಿದ್ದ ಕೊಡ ಎತ್ತಿ, ಕೆಂಡದ ಮೇಲೆ ನೀರು ಸುರಿದರು.