ರಾವ್ ಅಂಕಲ್ ಸೌಟು ಬಿಟ್ಟುಕೊಟ್ಟದ್ದು

ಅಮೆರಿಕದ ಪೋರ್ಟರ್ ರ್ಯಾಂಚಿನಲ್ಲಿ ಶೈಲಾರ ಮನೆಯ ಗರಾಜಿನಲ್ಲಿ ಕನ್ನಡಿಗರ ಭಾನುವಾರದ ಊಟಕ್ಕೆ ಕೂತಿದ್ದೆ. ಇಲ್ಲಿ ವರ್ಷಗಳಿಂದ ಸಾರು ಬಡಿಸುವವರು ಉಡುಪಿಯ ರಾವ್ ಅಂಕಲ್, ನಿವೃತ್ತ ಇತಿಹಾಸ ಪ್ರೊಫೆಸರ್. ಇಂದು ಅವರ ಕೈ ನಡುಗುತ್ತಿತ್ತು.

“ಬಡಿಸೋದು ಬಿಡಿ ಅಂಕಲ್, ಯಜಮಾನರಾಗಿ ನಿಂತಿರಿ ಸಾಕು,” ಎಂದರು ಶೈಲಾ.

“ಬೇಡ ಮಾರಾಯ್ತಿ. ಸ್ಕಾಟ್ಲೆಂಡಿನ ಒಂದು ಹಳೇ ಕ್ರೈಸ್ತ ಮಠ ಹಾಗೇ ಹಾಳಾದ್ದು. ಕೊನೆಗೆ ಪಟ್ಟ ಸಿಕ್ಕಿದ್ದು ದೊಡ್ಡ ಮನೆತನದವರಿಗೆ. ಹೆಸರಿಗೆ ಮಠಾಧಿಪತಿ, ಮಠದಲ್ಲಿ ಒಂದು ದಿನವೂ ಇರ್ಲಿಲ್ಲ. ನಮ್ಮ ಉಡುಪಿಯಲ್ಲಿ ನೋಡು, ಪರ್ಯಾಯದ ಎರಡು ವರ್ಷ ಮುಗಿದ್ರೆ ಸ್ವಾಮಿಗಳು ಮುಂದಿನವರ ಕೈಗೆ ಸಟ್ಟುಗ, ಅಂದ್ರೆ ಸೌಟು, ಕೊಟ್ಟು ಏಳ್ತಾರೆ.”

ಸೌಟನ್ನು ಶೈಲಾರ ಮಗಳು, ಲಾಯರ್ ಮಾಯಾಳ ಕೈಗಿಟ್ಟು ಅವರು ನನ್ನ ಪಕ್ಕದ ಎಲೆಗೆ ಕೂತರು. ಅವಳು ಅವರ ಎಲೆಯಲ್ಲಿ ಅನ್ನದ ಜೊತೆ ಹಪ್ಪಳದ ಮೇಲೂ ಸಾರು ಸುರಿದಳು.

“ಓಕೆ, ಅಂಕಲ್?”

“ಫಸ್ಟ್ ಕ್ಲಾಸ್,” ಎಂದು ಅವರು ಮೆತ್ತಗಾದ ಹಪ್ಪಳವನ್ನೇ ಮೊದಲು ತಿಂದರು.