ಕ್ಯಾಪಿನ ಮೇಲಿನ ಕುಂಕುಮ

ತುಮಕೂರಲ್ಲಿ ನಾನು ಗ್ಯಾರೇಜ್ ಇಟ್ಟಿದ್ದ ಎಂಬತ್ತರ ದಶಕದ ಮಾತು. ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಹಳೇ ಜೀಪು ತಂದರು. ಆಕ್ಸಿಲರೇಟರ್ ಒತ್ತಿದರೆ ಸಾಕು, ಸೈಲೆನ್ಸರಿನಲ್ಲಿ ಪಟಾಕಿ ಹೊಡೆದ ಹಾಗೆ ಢಬ್ ಅನ್ನುತ್ತಿತ್ತು. ಕಾರ್ಬುರೇಟರ್ ಬಿಚ್ಚಿದೆ, ಪ್ಲಗ್ ಬದಲಾಯಿಸಿದೆ. ಊಹೂಂ. ಕೊನೆಗೆ ಶೆಡ್ಡಿನ ಬಾಗಿಲೆಳೆದು ಕತ್ತಲು ಮಾಡಿ, ಎಂಜಿನ್ ರೇಸ್ ಮಾಡಿ ನೋಡಿದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮೇಲೆ ನೀಲಿ ಕಿಡಿ ಹರಿದಾಡುತ್ತಿತ್ತು. ಆಯುಧಪೂಜೆಗೆ ಮೆತ್ತಿದ್ದ ಅರಿಶಿನ ಕುಂಕುಮ ಅಲ್ಲೇ ಒಣಗಿ ಕೂತಿತ್ತು. ಕಿಡಿ ಅದರ ಮೇಲೆ ದಾರಿ ಮಾಡಿಕೊಂಡು ತಪ್ಪು ಪ್ಲಗ್ಗಿಗೆ ಹೋಗುತ್ತಿತ್ತು.

“ಬಾನೆಟ್ಟಿಗೆ ಇಡೋದು ಬಿಟ್ಟು ಇಲ್ಲಿಗ್ಯಾಕೆ ಬಳಿದ್ರಿ ಯಜಮಾನ್ರೇ?” ಅಂತ ರೇಗಿ, ಒರೆಸೋ ಬಟ್ಟೆ ಎತ್ತಿಕೊಂಡೆ. ಅವರು ನನ್ನ ಕೈ ಹಿಡಿದರು.

“ಒರೆಸ್ಬೇಡ ಕಣಪ್ಪ. ನಮ್ಮನೆಯವಳು ಇಟ್ಟಿದ್ದು. ದೀಪಾವಳಿ ಹೊತ್ಗೆ ತೀರ್ಕೊಂಡ್ಲು.”

“ಹೊಸ ಕ್ಯಾಪ್ ಹಾಕ್ತೀನಿ, ಇದನ್ನ ಮನೇಲಿಟ್ಕೊಳ್ಳಿ” ಅಂದೆ.

“ಗಾಡಿಗೆ ಅಂತ ಇಟ್ಟವ್ಳೆ. ಗಾಡೀಲೇ ಇರ್ಲಿ ಬುಡು.”

ಜೀಪು ಗುಬ್ಬಿ ರಸ್ತೆ ಹಿಡಿದು ಢಬ್ ಢಬ್ ಅನ್ನುತ್ತಲೇ ಹೋಯಿತು. ಪಕ್ಕದ ಗ್ಯಾರೇಜಿನವನು ಹಲ್ಲು ಕಿರಿದ: “ಏನ್ಲಾ, ಫಾಲ್ಟ್ ಸಿಗ್ಲಿಲ್ವಾ?”

“ಇಲ್ಲ ಕಣೋ” ಅಂದೆ. ಅಷ್ಟು ವರ್ಷದಲ್ಲಿ ನಾನು ಹಾಗೆ ಒಪ್ಪಿಕೊಂಡಿದ್ದು ಅದೊಂದೇ ಗಾಡಿಗೆ.